ಎರಡು ಬ್ರೇಕಿನ ಗಾಡಿ

ನಾನು ಒಂದು ಕಾರು. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಮುಂದಿನದೆಲ್ಲ ನನಗೂ ಸ್ವಲ್ಪ ಗೊಂದಲವೇ. ಎಲ್ಲಿ ಹುಟ್ಟಿದೆ ಎಂದು ಯಾರಾದರೂ ಕೇಳಿದರೆ ಯಾವ ಊರಿನ ಹೆಸರು ಹೇಳಲಿ? ನನ್ನ ಗಾಜು ಒಂದು ಊರಿನದು, ಟೈರು ಇನ್ನೊಂದು ಊರಿನದು, ಇಂಜಿನ್ ಹಡಗಿನಲ್ಲಿ ಬಂದಿತ್ತಂತೆ. ಇವೆಲ್ಲ ಒಂದು ಉದ್ದನೆಯ ಕಾರ್ಖಾನೆಯಲ್ಲಿ ಒಟ್ಟಾದವು. ಒಬ್ಬ ಬಾಗಿಲು ತೂಗುಹಾಕಿದ, ಇನ್ನೊಬ್ಬ ಸೀಟು ಕೂರಿಸಿದ, ಕೊನೆಗೆ ನೀಲಿ ಅಂಗಿಯ ಹೆಣ್ಣುಮಗಳೊಬ್ಬಳು ಕೀಲಿ ತಿರುಗಿಸಿದಳು. 'ಗುರ್ರ್' ಎಂದು ಏನೋ ಸದ್ದಾಯಿತು. ಆಕೆ ಕಾಗದದ ಮೇಲೆ ಒಂದು ಗೀಟು ಹಾಕಿ ಮುಂದಿನ ಗಾಡಿಗೆ ಹೋದಳು. ಆ ಸದ್ದು ನನ್ನದೇ ಎಂದು ತಿಳಿಯಲು ನನಗೆ ಅರ್ಧ ದಿನ ಹಿಡಿಯಿತು.

ನಾಲ್ಕು ಬಾಗಿಲು, ಹಿಂದೆ ಉದ್ದನೆಯ ಡಿಕ್ಕಿ, ಬೆಳ್ಳಿಯಂಥ ಬಣ್ಣ. ಐದು ಜನರ ಸಂಸಾರ ಆರಾಮಾಗಿ ಕೂರುವಂಥ ಗಾಡಿ ನಾನು. ನನ್ನನ್ನು ಮೊದಲು ಕೊಂಡವರು ಹುಬ್ಬಳ್ಳಿಯ ಇಂಜಿನಿಯರ್ ನಾಡಿಗೇರ ಸಾಹೇಬರು. ತಾರೀಖು ತಪ್ಪದೆ ಸರ್ವಿಸಿಗೆ ಕಳಿಸುವರು, ರವಿವಾರ ಒರೆಸಿಸುವರು. ಆರು ವರ್ಷದಲ್ಲಿ ಒಂದೇ ಒಂದು ಸಲವೂ ನನ್ನ ಬಾನೆಟ್ ಎತ್ತಿ ಒಳಗೇನಿದೆ ಎಂದು ಇಣುಕಲಿಲ್ಲ. ನನ್ನ ತಪ್ಪಿಲ್ಲದೆಯೇ ಆ ಮನೆ ಬಿಡಬೇಕಾಯಿತು. ಸಾಹೇಬರ ಮನೆಯ ಅಮ್ಮನವರಿಗೆ ಮೊಣಕಾಲು ನೋವು ಬಂತು. ನನ್ನ ಸೀಟು ಬಹಳ ತಗ್ಗು, ಕೂತರೆ ಏಳಲು ಆಗದು ಎಂದರು. ಎತ್ತರದ ಗಾಡಿಯೊಂದು ಅಂಗಳಕ್ಕೆ ಬಂತು. ನನ್ನನ್ನು ಗದಗಿನ ಡ್ರೈವಿಂಗ್ ಶಾಲೆಯವರು ಒಯ್ದರು.

ಅಲ್ಲಿ ನನಗೆ ಎರಡನೇ ಬ್ರೇಕು, ಎರಡನೇ ಕ್ಲಚ್ಚು ಬಂದವು. ಎಡಗಡೆ ಕೂರುವ ಮಾಸ್ತರರ ಕಾಲಿಗೆ ಸಿಗುವಂತೆ ಸರಳು ಬೆಸೆದು ಜೋಡಿಸಿದರು. ಕಲಿಯುವವರು ಎಕ್ಸಲರೇಟರ್ ಒತ್ತುವರು, ಅದೇ ಹೊತ್ತಿಗೆ ಮಾಸ್ತರರು ಬ್ರೇಕು ತುಳಿಯುವರು. ಹೋಗು ಎನ್ನುವವರೊಬ್ಬರು, ನಿಲ್ಲು ಎನ್ನುವವರೊಬ್ಬರು. ಯಾರ ಮಾತು ಕೇಳಬೇಕು ಎಂದು ತಿಳಿಯದೆ ಎರಡು ವರ್ಷ ಮುಗ್ಗರಿಸುತ್ತ ಕಳೆದೆ. ಕಾಲೇಜಿನ ಹುಡುಗಿಯರು, ಮದುವೆಗೆ ಮುಂಚೆ ಕಲಿಯಬೇಕೆಂದು ಹಟ ಹಿಡಿದ ವರರು, ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಅಜ್ಜ, ಎಲ್ಲರೂ ನನ್ನ ಗೇರುಗಳನ್ನು ಕರಕರ ಅನ್ನಿಸಿ ಹೋದರು.

ಅವರ ನಡುವೆ ಬಂದವನು ಮಾನಪ್ಪ ಪತ್ತಾರ. ಐವತ್ತು ದಾಟಿದವನು, ಬೆಟಗೇರಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅವನನ್ನು ನಾನು ಏಕವಚನದಲ್ಲೇ ಕರೆಯುತ್ತೇನೆ. ನನ್ನ ಹೊಟ್ಟೆಯ ಕೆಳಗೆ ಚಾಪೆ ಹಾಸಿ ಮಲಗಿ, ಮುಖದ ಮೇಲೆ ನನ್ನ ಎಣ್ಣೆ ಬೀಳಿಸಿಕೊಂಡವನಿಗೆ ಬಹುವಚನ ಹಚ್ಚುವುದು ನನ್ನಿಂದಾಗದು. ಪಾಠಕ್ಕೆ ಬಂದರೆ ಅವನು ಸ್ಟಿಯರಿಂಗ್ ಹಿಡಿಯುವುದಕ್ಕಿಂತ ತಲೆ ವಾಲಿಸಿ ಕೇಳುವುದೇ ಹೆಚ್ಚು. ನಾಲ್ಕನೇ ದಿನ ಮಾಸ್ತರರಿಗೆ ಹೇಳಿದ:

"ಮಾಸ್ತರ, ಮೂರನೇ ಪ್ಲಗ್ಗು ಕೆಮ್ಮಾಕತ್ತೈತ್ರಿ. ಬಿಚ್ಚಿ ನೋಡ್ರಿ."

ಮಾಸ್ತರರು ನಕ್ಕರು. ಸಂಜೆ ಬಿಚ್ಚಿಸಿದರೆ ಮೂರನೇ ಪ್ಲಗ್ಗೇ ಕರ‍್ರಗಾಗಿತ್ತು. ಅಂದು ನನಗಾದ ಸಂತೋಷವನ್ನು ಹೇಗೆ ಹೇಳಲಿ! ಎಂಟು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯ ನನ್ನ ಮಾತು ಕೇಳಿಸಿಕೊಂಡಿದ್ದ.

ಶಾಲೆಯವರು ಸಣ್ಣ ಗಾಡಿ ತೆಗೆದುಕೊಳ್ಳುವ ಹೊತ್ತಿಗೆ ಮಾನಪ್ಪನೇ ನನ್ನನ್ನು ಕೊಂಡ. ಅವನಿಗೆ ಕಾರು ಬೇಕಾಗಿದ್ದುದಕ್ಕೆ ಒಂದೇ ಕಾರಣ, ಮಗಳು ಪೂರ್ಣಿಮಾ. ಆಕೆಯನ್ನು ಇಳಕಲ್ಲಿಗೆ ಕೊಟ್ಟಿದ್ದ. ಮದುವೆ ಮುಗಿಸಿ ಬಾಡಿಗೆ ಟೆಂಪೋದಲ್ಲಿ ಅಳುತ್ತ ಹೊರಟ ಮಗಳಿಗೆ, ಬೀಗರೆಲ್ಲ ಕೇಳುವಂತೆ ಮಾತು ಕೊಟ್ಟಿದ್ದ: "ಕುಬುಸ ಮಾಡಿ ಬಾಣಂತನಕ್ಕ ಕರಕೊಂಡ ಬರಾಕ ನಮ್ಮ ಸ್ವಂತ ಗಾಡಿ ತರ್ತೀನವ್ವಾ, ನೋಡ್ತಿರು." ನನ್ನನ್ನು ಒಯ್ಯುವ ದಿನ ಮಾಸ್ತರರು ಎರಡನೇ ಕ್ಲಚ್ಚನ್ನು ಬಿಚ್ಚಿಕೊಂಡು ಬ್ರೇಕನ್ನೂ ಬಿಚ್ಚಲು ಪಾನಾ ಹಾಕಿದರು. ಮಾನಪ್ಪ ತಡೆದ. "ಇರಲಿ ಬಿಡ್ರಿ. ನಡಿಯೂ ಸಾಮಾನ ಯಾಕ ಬಿಚ್ಚೂದು?" ನಡೆಯುವ ಭಾಗವನ್ನು ತೆಗೆಯಬಾರದು ಎನ್ನುವುದು ಅವನ ಕಸುಬಿನ ನೇಮ. ಹಾಗಾಗಿ ನಾನು ಎರಡು ಬ್ರೇಕಿನ ಗಾಡಿಯಾಗಿಯೇ ಬೆಟಗೇರಿ ಸೇರಿದೆ. ಅವನ ಹೆಂಡತಿ ಕಸ್ತೂರಿ ಎಡಗಡೆ ಕೂತರೆ, ಎಲ್ಲಿ ಕಾಲು ತಗಲುತ್ತದೋ ಎಂದು ಹೆದರಿ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು ಕೂರುತ್ತಿದ್ದಳು.

ಮುಂದೆ ಅಂಗಡಿ, ಹಿಂದೆ ಮನೆ, ಪಕ್ಕದಲ್ಲಿ ಬೇವಿನ ಮರದ ಕೆಳಗೆ ತಗಡಿನ ಶೆಡ್ಡು. ಅದೇ ನನ್ನ ಮನೆ, ಅದೇ ನನ್ನ ಆಸ್ಪತ್ರೆ. ನನ್ನನ್ನು ಯಾವ ಗ್ಯಾರೇಜಿಗೂ ಕಳಿಸದೆ ತಾನೇ ನೋಡಿಕೊಳ್ಳುತ್ತೇನೆಂದು ಮಾನಪ್ಪ ಪಟ್ಟು ಹಿಡಿದ. ಆದರೆ ಅವನಿಗೆ ಗೊತ್ತಿದ್ದುದು ಹೊಲಿಗೆ ಯಂತ್ರ. ಮೊದಲ ವಾರ ಸಣ್ಣ ಮೂತಿಯ ಎಣ್ಣೆ ಕುಪ್ಪಿ ಹಿಡಿದು ನನ್ನ ಮೈಯಲ್ಲಿ ಎಲ್ಲೆಲ್ಲಿ ತೂತು ಕಂಡಿತೋ ಅಲ್ಲಲ್ಲಿ ಒಂದೊಂದು ಹನಿ ಬಿಟ್ಟ. ಬಾಗಿಲಿನ ಕೀಲಿಗೆ ಸರಿ, ತಿರುಗಣೆಗೆ ಸರಿ, ವೈಪರಿಗೂ ಬಿಟ್ಟ. ಮರುದಿನ ಮಳೆ ಬಂದಾಗ ಗಾಜಿನ ತುಂಬ ಎಣ್ಣೆ ಹರಡಿ ಏನೂ ಕಾಣದೆ, ಮಾರ್ಕೆಟ್ಟಿನಿಂದ ಮನೆಯವರೆಗೆ ಕಸ್ತೂರಿ ಕಿಟಕಿಯಿಂದ ತಲೆ ಹೊರಗೆ ಹಾಕಿ "ಬಲಕ್ಕ, ಬಲಕ್ಕ" ಎಂದು ಕೂಗುತ್ತ ಬಂದಳು.

ಕಲಿಯುತ್ತ ಕಲಿಯುತ್ತ ಕೈ ಕುದುರಿತು. ಇಂಜಿನ್ ಆಯಿಲ್ ತಾನೇ ಬದಲಿಸಿದ, ಫಿಲ್ಟರ್ ಬಡಿದು ಸ್ವಚ್ಛ ಮಾಡಿದ, ಬ್ರೇಕಿನ ಪ್ಯಾಡು ಹಾಕಿದ. ಬಿಚ್ಚಿದ ಪ್ರತಿ ಬೋಲ್ಟಿಗೂ ದರ್ಜಿಯ ಸೀಮೆಸುಣ್ಣದಿಂದ ಗುರುತು ಮಾಡುವನು. ಯಾವ ವೈರು ಎಲ್ಲಿಯದು ಎಂದು ಮರೆಯದಿರಲು ರವಿಕೆಯ ಚಿಂದಿ ಕಟ್ಟುವನು. ಕೆಂಪು ಚಿಂದಿಗೆ ಕೆಂಪು ಚಿಂದಿ, ಹಸಿರಿಗೆ ಹಸಿರು. ಬಾನೆಟ್ ಎತ್ತಿದರೆ ನಾನು ಮದುವಣಗಿತ್ತಿಯ ಹಾಗೆ ಕಾಣುತ್ತಿದ್ದೆ. ಎರಡೂ ಕೈ ತುಂಬಿದಾಗ ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು ಅವನ ಹಳೆಯ ಚಾಳಿ. "ಒಂದ ದಿನ ನುಂಗ್ತೀರಿ ಅದನ್ನ" ಎಂದು ಕಸ್ತೂರಿ ಬೈಯುವಳು. ಅವಳೇನು ಸುಮ್ಮನೆ ಕೂರುವವಳಲ್ಲ. ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದವಳು ನನಗೂ ಸೀಟಿನ ಹೊದಿಕೆ ಹೊಲಿದಳು. ಮೂರು ವರ್ಷ ಸುಖವಾಗಿದ್ದೆ. ಆ ಸುಖದಲ್ಲಿ ನನಗೆ ಗೊಂದಲವೇ ಇರಲಿಲ್ಲ. ನನಗೆ ಏನಾದರೂ ಆದರೆ ಮಾನಪ್ಪನಿಗೆ ಕೇಳಿಸುತ್ತದೆ, ಅಷ್ಟೇ ಸಾಕಾಗಿತ್ತು.

ಪೂರ್ಣಿಮಾ ಬಸುರಿಯಾದ ಸುದ್ದಿ ಬಂತು. ಏಳನೇ ತಿಂಗಳಿಗೆ ಕುಬುಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಅದೇ ವಾರ ಮಾನಪ್ಪ ಬಾನೆಟ್ ಎತ್ತಿ ತಲೆ ವಾಲಿಸಿ ನಿಂತ. ಅವನ ಹುಬ್ಬು ಗಂಟಿಕ್ಕಿತು.

"ಕುಂಯ್ ಅನ್ನಾಕತ್ತೈತಿ," ಎಂದ. "ಸಣ್ಣಗ. ಸೊಳ್ಳಿ ಹಾಡಿದಂಗ."

ನನಗೆ ಆಶ್ಚರ್ಯ. ನಾನು ಅಂಥ ಸದ್ದೇನೂ ಮಾಡಿರಲಿಲ್ಲ. ಆದರೆ ಮಾನಪ್ಪನ ಕಿವಿ ಎಂದೂ ತಪ್ಪಿದ್ದಿಲ್ಲ. ನನ್ನೊಳಗಿನದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಇರಬೇಕು, ನನಗೆ ತಿಳಿಯದ ಹಾಗೆ ಎಲ್ಲೋ ಕುಂಯ್‌ಗುಡುತ್ತಿರಬೇಕು ಎಂದುಕೊಂಡು ಸುಮ್ಮನಾದೆ.

ಮೊದಲ ರವಿವಾರ ಬೆಲ್ಟು ಬದಲಿಸಿದ. ಕುಂಯ್ ಹೋಗಲಿಲ್ಲ. ಎರಡನೇ ರವಿವಾರ ಕರೆಂಟು ಹುಟ್ಟಿಸುವ ಡೈನಮೋ ಬಿಚ್ಚಿ, ಹಳೆಯ ಚಾದರದ ಮೇಲೆ ಸಾಲಾಗಿ ಜೋಡಿಸಿ, ಹೊಸ ಬೇರಿಂಗು ಹಾಕಿ ಮುಚ್ಚಿದ. ಹೋಗಲಿಲ್ಲ. ಮೂರನೇ ರವಿವಾರ ನೀರಿನ ಪಂಪು. ನಾಲ್ಕನೆಯದಕ್ಕೆ ಗಾಳಿ ಬರುವ ಕೊಳವೆ. ಪ್ರತಿ ಸಲವೂ ಮುಚ್ಚಿ, ಸ್ಟಾರ್ಟ್ ಮಾಡಿ, ಕಣ್ಣು ಮುಚ್ಚಿ ಕೇಳುವನು. ಮುಖ ಇಳಿಯುವುದು. "ಇನ್ನೂ ಐತಿ" ಎನ್ನುವನು.

ನನ್ನ ಪಾಡು ಕೇಳಬೇಡಿ. ಇಲ್ಲದ ರೋಗಕ್ಕೆ ಔಷಧ ಕುಡಿದು ಕುಡಿದು ನಿಜವಾಗಿಯೂ ರೋಗಿಯಾದೆ ಎನಿಸಿತು. ಯಾವ ಭಾಗ ಕುಂಯ್ ಎನ್ನುತ್ತಿದೆ ಎಂದು ಒಂದೊಂದನ್ನೇ ವಿಚಾರಿಸಿದೆ. ಪಂಪು ತಾನಲ್ಲ ಎಂದಿತು, ಫ್ಯಾನು ತಾನಲ್ಲ ಎಂದಿತು. ಎಲ್ಲರ ಮೇಲೂ ಸಂಶಯ ಬಂತು. ಹೀಗಿರುವಾಗ ಒಂದು ದಿನ ನನ್ನ ಎಡಗಡೆಯ ಮುಂದಿನ ಗಾಲಿಯಲ್ಲಿ ನಿಜವಾದ ನೋವು ಶುರುವಾಯಿತು. ಬೇರಿಂಗಿನ ಗುಂಡುಗಳು ಸವೆದು, ವೇಗ ಹೆಚ್ಚಿದಂತೆ 'ಗುಂಯ್' ಎಂದು ದಪ್ಪಗೆ ಸದ್ದು ಮಾಡತೊಡಗಿದವು. ಸದ್ಯ, ಈಗಲಾದರೂ ಸಿಕ್ಕಿತು ಎಂದು ನಾನು ಮುಚ್ಚುಮರೆಯಿಲ್ಲದೆ ಗುಂಯ್‌ಗುಟ್ಟಿದೆ. ಮಾನಪ್ಪ ಸ್ಟಿಯರಿಂಗ್ ಹಿಡಿದು ಕೂತಿದ್ದವನು ತಿರುಗಿಯೂ ನೋಡಲಿಲ್ಲ. ಬೀದಿಯ ನಾಯಿ ಸಹ ತಲೆ ಎತ್ತಿ ನೋಡಿತು, ಅವನು ನೋಡಲಿಲ್ಲ. ಇಲ್ಲದ ಸದ್ದನ್ನು ಕೇಳುತ್ತಾನೆ, ಇರುವ ಸದ್ದನ್ನು ಕೇಳುವುದಿಲ್ಲ. ತಲೆ ಕೆಟ್ಟದ್ದು ನನ್ನದೋ ಅವನದೋ ಎಂದು ನನಗೆ ತೋಚಲಿಲ್ಲ.

ಅಂಗಡಿಯಲ್ಲೂ ಏನೋ ಸರಿಯಿರಲಿಲ್ಲ. ಶೆಡ್ಡಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಸರಿ ಮಾಡಿ ಕೊಟ್ಟ ಯಂತ್ರಗಳು ವಾಪಸ್ಸು ಬರತೊಡಗಿದವು. "ಮಾನಪ್ಪಣ್ಣ, ಟಕ್ ಟಕ್ ಅನ್ನೂದು ಹಂಗ ಐತಲ್ಲೋ," ಎಂದು ಒಬ್ಬ ದರ್ಜಿ ಯಂತ್ರ ಇಳಿಸಿದ. ಎರಡು ದಿನಕ್ಕೆ ಇನ್ನೊಬ್ಬ. ಮಾನಪ್ಪ ರೇಗಿದ. "ನಲವತ್ತ ವರ್ಷದಿಂದ ಈ ಕಿವಿ ಮ್ಯಾಲ ಅನ್ನ ಉಂಡೀನಿ. ಎಲ್ಲಿ ಐತಿ ಟಕ್ ಟಕ್?" ದರ್ಜಿ ಯಂತ್ರ ಎತ್ತಿಕೊಂಡು ಬೇರೆ ಅಂಗಡಿಯ ಕಡೆ ನಡೆದ. ಅಂದು ಮಾನಪ್ಪ ಊಟಕ್ಕೆ ಏಳಲಿಲ್ಲ. ಕಸ್ತೂರಿ ಬಾಗಿಲಲ್ಲಿ ನಿಂತು ಮೂರು ಸಲ ಕರೆದಳು. ಮೂರನೆಯ ಸಲ ಬಹಳ ಮೆಲ್ಲಗೆ ಕರೆದಳು, ಬೇಕಂತಲೇ. ಅವನು ಬೆನ್ನು ತಿರುಗಿಸಿ ಕೂತೇ ಇದ್ದ. ಆಕೆ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಆಕೆಗೆ ಏನೋ ತಿಳಿಯಿತು, ನನಗೆ ತಿಳಿಯಲಿಲ್ಲ.

ಕುಬುಸಕ್ಕೆ ಎಂಟು ದಿನ ಉಳಿಯಿತು. ಕಸ್ತೂರಿಯ ತಮ್ಮ ಫೋನು ಮಾಡಿ, ಬಾಡಿಗೆ ಗಾಡಿ ಹೇಳುತ್ತೇನೆ, ಈ ಹಳೇ ಡಬ್ಬಿ ಮಾರಿಬಿಡಿ ಎಂದ. ಮಾನಪ್ಪ ಚಾದರದ ಮೇಲೆ ಹರಡಿದ ನನ್ನ ಭಾಗಗಳ ನಡುವೆ ಕೂತು ಅವನ್ನೇ ನೋಡಿದ. "ಈ ರವಿವಾರ ಸದ್ದು ಸಿಗಲಿಲ್ಲಂದ್ರ ಮಾರಿಬಿಡೂಣು," ಎಂದ ಕಡೆಗೆ. "ಬಸುರಿ ಮಗಳನ್ನ ಇಂಥಾದ್ರಾಗ ಕೂಡಸಾಕ ನನಗ ಧೈರ್ಯ ಇಲ್ಲ." ನನಗೆ ಬಹಳ ದುಃಖವಾಯಿತು. ಮಾಡದ ತಪ್ಪಿಗೆ ಮನೆ ಬಿಡುವುದು ಇದು ಎರಡನೆಯ ಸಲ.

ರವಿವಾರ ಬೆಳಿಗ್ಗೆ ಎಲ್ಲ ಜೋಡಿಸಿ ನನ್ನನ್ನು ಹೊರಗೆ ತೆಗೆದ. ಕಸ್ತೂರಿಯೂ ಬಂದು ಎಡಗಡೆ ಕೂತಳು. ನರೇಗಲ್ಲಿನ ದಾರಿ ಹಿಡಿದೆವು. ಎರಡೂ ಕಡೆ ಮೆಣಸಿನ ಹೊಲ, ದೂರದಲ್ಲಿ ಗಾಳಿಗಿರಣಿಗಳು. ಅಂದು ಗಾಳಿ ಇರಲಿಲ್ಲ, ಎಲ್ಲವೂ ರೆಕ್ಕೆ ನಿಲ್ಲಿಸಿ ನಿಂತಿದ್ದವು. ನಾನು ನನ್ನ ಗಾಲಿಯ ಗುಂಯ್ ಜೊತೆ ಓಡುತ್ತಿದ್ದೆ.

"ರೀ, ಈ ಕಡೆ ಮುಂದಿನ ಗಾಲಿ ಗುಂಯ್ ಅನ್ನಾಕತ್ತೈತಿ," ಎಂದಳು ಕಸ್ತೂರಿ, ಗಟ್ಟಿಯಾಗಿ. "ಬೀಸೂ ಕಲ್ಲಿನಂಗ."

"ಅದಲ್ಲ. ಸಣ್ಣದು. ಸೊಳ್ಳಿ ಹಾಡಿದಂಗ."

"ಸೊಳ್ಳಿ ನನಗ ಕೇಳವಲ್ದು."

"ನಿನಗೇನ ಗೊತ್ತಾಗ್ತೈತಿ?" ಎಂದ ಅವನು. ಸಿಟ್ಟಿನ ಭರದಲ್ಲಿ, ಸಾಕು ತಿರುಗಿಸುತ್ತೇನೆ ಎಂದು ಬಲಗಡೆಯ ಹೊಲದ ದಾರಿಗೆ ನನ್ನನ್ನು ಹೊರಳಿಸಿದ.

ಹಿಂದಿನಿಂದ ಲಾರಿ ಬರುತ್ತಿತ್ತು. ಹಾರ್ನ್ ಹೊಡೆಯುತ್ತಲೇ ನಮ್ಮನ್ನು ದಾಟಲು ಬಲಕ್ಕೆ ಬಂದಿತ್ತು. ಎಂಥ ಹಾರ್ನು! ನನ್ನ ಗಾಜುಗಳೆಲ್ಲ ನಡುಗಿದವು. "ರೀ, ಲಾರಿ! ನಿಂದರ‍್ರೀ!" ಎಂದು ಕಸ್ತೂರಿ ಕಿರುಚಿದಳು. ಮಾನಪ್ಪ ಹೊರಳಿಸುತ್ತಲೇ ಇದ್ದ. ಆಗ ಮೂರು ವರ್ಷ ಮಡಚಿಕೊಂಡೇ ಇದ್ದ ಕಸ್ತೂರಿಯ ಕಾಲು ಕೆಳಗಿಳಿಯಿತು. ಹೊಲಿಗೆ ಯಂತ್ರದ ಪೆಡಲು ತುಳಿದು ಪಳಗಿದ ಕಾಲು ಅದು. ಎರಡನೇ ಬ್ರೇಕನ್ನು ನೆಲ ಮುಟ್ಟಿಸಿಬಿಟ್ಟಳು. ನಾನು ಜಗ್ಗಿ ನಿಂತೆ, ಇಂಜಿನ್ ಗಕ್ಕನೆ ಬಂದ್ ಆಯಿತು. ಲಾರಿ ನನ್ನ ಮೂತಿಯ ಮುಂದಿನಿಂದ ಗೇಣು ಅಂತರದಲ್ಲಿ ಹಾದುಹೋಯಿತು.

ಧೂಳು ಇಳಿಯಿತು. ಎಲ್ಲೂ ಸದ್ದಿಲ್ಲ. ಮಾನಪ್ಪ ಒಂದು ಬೆರಳೆತ್ತಿ, ಕಣ್ಣು ಅಗಲಿಸಿ ಹೆಂಡತಿಯ ಕಡೆ ತಿರುಗಿದ.

"ಈಗ ಕೇಳು! ಈಗ ಸ್ವಚ್ಛ ಕೇಳ್ತೈತಿ ನೋಡು. ಕುಂಯ್... ಕೇಳಿದೇನು?"

ಕಸ್ತೂರಿ ಅವನ ಮುಖವನ್ನೇ ನೋಡಿದಳು. ಕೈ ಚಾಚಿ ಕೀಲಿ ಕಿತ್ತು ಅವನ ಅಂಗೈಯಲ್ಲಿಟ್ಟಳು.

"ರೀ... ಇಂಜಿನ್ ಬಂದ್ ಆಗೈತಿ."

ಅವನು ಕೀಲಿ ನೋಡಿದ, ನನ್ನ ಮೀಟರಿನ ಸತ್ತ ಮುಳ್ಳುಗಳನ್ನು ನೋಡಿದ. ಇಳಿದು ನನ್ನಿಂದ ದೂರ ಹೊಲದ ಬದುವಿನವರೆಗೆ ನಡೆದ. ಅಲ್ಲಿ ನಿಂತು ಎರಡೂ ಕಿವಿ ಮುಚ್ಚಿಕೊಂಡ, ಬಿಟ್ಟ, ಮತ್ತೆ ಮುಚ್ಚಿಕೊಂಡ. ಕಸ್ತೂರಿ ಹತ್ತಿರ ಹೋಗಿ ಏನೋ ಕೇಳಿದಳು. ಅವನು ಹೌದೆಂದು ತಲೆಯಾಡಿಸಿ ಬದುವಿನ ಮೇಲೆ ಕುಸಿದು ಕೂತ. ನನ್ನಿಂದ ಅಷ್ಟು ದೂರದಲ್ಲೂ ಕುಂಯ್ ಅವನನ್ನು ಬಿಟ್ಟಿರಲಿಲ್ಲ. ಅಂತೂ ಅದು ನನ್ನದಲ್ಲ ಎಂದು ನನಗೆ ತಿಳಿಯಿತು. ಮೊದಲು ಹಗುರಾಯಿತು, ಆಮೇಲೆ ಹಗುರಾದದ್ದಕ್ಕೆ ನಾಚಿಕೆಯಾಯಿತು.

ಅವರು ವಾಪಸ್ಸು ಬಂದಾಗ ಮಾನಪ್ಪ ನನ್ನ ಬಾನೆಟ್ ಮೇಲೆ ಕೈಯಿಟ್ಟ. "ನಿನ್ನ ತಪ್ಪಲ್ಲ," ಎಂದ. ಆಮೇಲೆ ಹೆಂಡತಿಗೆ: "ಆರು ತಿಂಗಳಾತು, ಮಂದಿ ಮಾತು ದೂರಿಂದ ಬಂದಂಗ ಆಗ್ತೈತಿ. ಹೇಳಿದ್ರ ಯಾರ ಮಷೀನ್ ತರ್ತಾರ? ಕಿವಿ ಹ್ವಾದ ರಿಪೇರಿಯವ ಏನಕ್ಕ ಬಂದ?"

"ನನ್ನ ಕಿವಿ ಅದಾವಲ್ರೀ," ಎಂದಳು ಕಸ್ತೂರಿ ಜೋರಾಗಿ, ಅವನ ಮುಖದೆದುರು ನಿಂತು. ಅವಳ ಕಣ್ಣಲ್ಲಿ ನೀರಿತ್ತು. "ಅವು ನಿಮ್ಮ ಉಪಯೋಗಕ್ಕ ಬರೂದಿಲ್ಲೇನು? ಈಗ ಆ ಗಾಲಿ ನೋಡ್ರಿ ಮೊದ್ಲ."

ಮೆಲ್ಲಗೆ ಮನೆಗೆ ಬಂದೆವು. ಶೆಡ್ಡಿನಲ್ಲಿ ಜಾಕು ಕೊಟ್ಟು ನನ್ನ ಎಡಗಾಲು ಎತ್ತಿದರು. ಕಸ್ತೂರಿ ಗಾಲಿ ತಿರುಗಿಸಿದಳು, ಮಾನಪ್ಪ ಕಿವಿ ಹಚ್ಚಿದ. ಏನೂ ಕೇಳಲಿಲ್ಲ. ಅವನ ಮುಖ ಸಣ್ಣದಾಯಿತು. ಗಾಲಿ ಅಲುಗಾಡುತ್ತದೆಯೇ ನೋಡೋಣ ಎಂದು ಎರಡೂ ಕೈಯಿಂದ ಅದನ್ನು ಹಿಡಿಯಲು ಹೋದಾಗ, ಎಂದಿನ ಚಾಳಿಯಂತೆ ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡ. ಬಾಗಿದಾಗ ಅದರ ತುದಿ ಗಾಲಿಯ ಹಿಂದಿನ ಕಬ್ಬಿಣಕ್ಕೆ ತಗಲಿತು. ಗಾಲಿ ಇನ್ನೂ ತಿರುಗುತ್ತಿತ್ತು.

ಮಾನಪ್ಪ ಬಾಗಿದವನು ಬಾಗಿದಂತೆಯೇ ನಿಂತುಬಿಟ್ಟ. ಬಾಯಲ್ಲಿ ಸ್ಕ್ರೂಡ್ರೈವರ್ ಇದ್ದುದರಿಂದ ಮಾತು ಹೊರಡಲಿಲ್ಲ. ಕೈಯಿಂದ 'ತಿರುಗಿಸು, ತಿರುಗಿಸು' ಎಂದು ಸನ್ನೆ ಮಾಡಿದ. ಆಕೆ ತಿರುಗಿಸಿದಳು. ನನ್ನ ಸವೆದ ಬೇರಿಂಗಿನ ಗರಗರ ಕಬ್ಬಿಣ ಹಿಡಿದು, ಹಲ್ಲು ಹಿಡಿದು, ಅವನ ತಲೆಯೊಳಗೆ ಇಳಿಯಿತು. ಓಡಿಹೋಗಿ ಜಾಕನ್ನು ಬಲಗಡೆಗೆ ಹಾಕಿ ಅಲ್ಲೂ ಕಚ್ಚಿ ನೋಡಿದ. ಅದು ನುಣ್ಣಗಿತ್ತು.

"ಎಡಗಡೆ ಬೇರಿಂಗು ಹೋಗೈತಿ!" ಎಂದು ಕೂಗಿದ. "ಬೀಸೂ ಕಲ್ಲಿನಂಗ ಐತಿ, ಖರೇನ ಹೇಳಿದಿ ನೀ!" ಮನುಷ್ಯರು ಗಾಡಿ ಕೆಟ್ಟಿದ್ದಕ್ಕೆ ಅಷ್ಟೊಂದು ಖುಷಿಪಟ್ಟದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಬೇರಿಂಗು ಒತ್ತಿ ಕೂರಿಸುವ ಯಂತ್ರ ಮನೆಯಲ್ಲಿರಲಿಲ್ಲ. ಅದೊಂದು ಕೆಲಸವನ್ನು ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡು ಬಂದ. ಕಿವಿಯ ಡಾಕ್ಟರರಲ್ಲಿಗೆ ಕಸ್ತೂರಿ ಎಳೆದುಕೊಂಡು ಹೋದಳು. ಕಿವಿಯೊಳಗೆ ಒಂದು ಸಣ್ಣ ಎಲುಬು ಬಿಗಿದುಕೊಂಡಿದೆ, ಎಲುಬಿನ ದಾರಿಯಿಂದ ಸದ್ದು ಇನ್ನೂ ಒಳಗೆ ಹೋಗುತ್ತದೆ, ಆದರೆ ಆ ಕುಂಯ್ ಪೂರ್ತಿ ಹೋಗುತ್ತದೆಂದು ಹೇಳಲಾರೆ ಎಂದರಂತೆ. "ಜಾಮ್ ಆಗೈತಿ ಅಂತ ಹೇಳ್ರಲ್ಲ ಹಂಗಾರ," ಎಂದನಂತೆ ನಮ್ಮವನು. "ಒಂದ ಹನಿ ಎಣ್ಣಿ ಬಿಟ್ಟರ ಹೆಂಗ್ರಿ?" ಇದನ್ನು ಕಸ್ತೂರಿ ದಾರಿಯುದ್ದಕ್ಕೂ ಹೇಳಿ ಹೇಳಿ ಬೈಯುತ್ತ ಬಂದದ್ದರಿಂದ ನನಗೆ ಗೊತ್ತಾಯಿತು.

ಕುಬುಸದ ದಿನ ನನ್ನ ಡಿಕ್ಕಿ ತುಂಬಿತು. ಕರಿಗಡುಬು, ಕರ್ಚಿಕಾಯಿ, ಸಜ್ಜಿ ರೊಟ್ಟಿ, ಹೋಳಿಗೆ, ಐದು ಬಗೆಯ ಚಟ್ನಿಪುಡಿ. ಇಳಕಲ್ಲಿನವರಿಗೆ ಇಳಕಲ್ ಸೀರೆ ಒಯ್ಯುವುದು ಹೇಗೆಂದು ಕಸ್ತೂರಿ ಸೀರೆಯನ್ನು ಅಲ್ಲೇ ಕೊಳ್ಳುವುದಾಗಿ ಹೇಳಿ, ಹಸಿರು ಖಣದ ಕುಬುಸದ ರವಿಕೆಯನ್ನು ಮಾತ್ರ ತನ್ನ ಕೈಯಾರೆ ಹೊಲಿದಿದ್ದಳು. ಈ ಸಲ ಆಕೆ ಕಾಲು ಮಡಚಿ ಕೂರಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲನ್ನು ಎರಡನೇ ಬ್ರೇಕಿನ ಪಕ್ಕ ಇಟ್ಟಳು. ಹಿಂದೆ ಹಾರ್ನ್ ಕೇಳಿದರೆ ಮಾನಪ್ಪನ ಮೊಣಕಾಲಿಗೆ ಒಂದು ತಟ್ಟು, ಲಾರಿಯಾದರೆ ಎರಡು. ಇಬ್ಬರ ಮಾತು ಒಟ್ಟಿಗೆ ಕೇಳುವುದು ನನಗೆ ಹೊಸದಲ್ಲ. ಆದರೆ ಆ ಇಬ್ಬರೂ ಒಂದೇ ಮಾತು ಹೇಳಿದ್ದು ಅಂದೇ ಮೊದಲು. ಗಜೇಂದ್ರಗಡ ದಾಟುವವರೆಗೂ ನಾನು ಒಮ್ಮೆಯೂ ಮುಗ್ಗರಿಸಲಿಲ್ಲ.

ಇಳಕಲ್ಲಿನಲ್ಲಿ ಬೀಗರು ಮನೆ ಮುಂದೆ ನಿಂತಿದ್ದರು. "ಗಾಡಿ ಕೆಟ್ಟೈತಿ ಅಂತ ಕೇಳಿದ್ವಿ, ಸರಿ ಆತೇನ್ರಿ ಬೀಗರ?" ಎಂದು ಹಿರಿಯ ಬೀಗರು ವಿಚಾರಿಸಿದರು. ಕಸ್ತೂರಿ ಅವನಿಗೆ ತಿಳಿಸಲು ಬಾಯಿ ತೆರೆದಳು. ಮಾನಪ್ಪ ಅವರ ತುಟಿ ನೋಡಿಯೇ ಅರ್ಥ ಮಾಡಿಕೊಂಡಿದ್ದ. ಅಷ್ಟು ಜನರ ಮುಂದೆ, ಬಾಗಿಲಲ್ಲಿ ನಿಂತ ಮಗಳ ಮುಂದೆ, ಸುಳ್ಳು ಹೇಳಲು ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ, ಆದರೂ ಹೇಳಲಿಲ್ಲ.

"ಗಾಡಿ ಕೆಟ್ಟಿದ್ದಿಲ್ರಿ," ಎಂದ. "ಕೆಟ್ಟಿದ್ದು ನನ್ನ ಕಿವಿ. ಸ್ವಲ್ಪ ಜೋರ ಮಾತಾಡ್ರಿ ಇನ್ನ ಮ್ಯಾಲ."

ಪೂರ್ಣಿಮಾ ಹೊಟ್ಟೆ ಹೊತ್ತುಕೊಂಡೇ ಮೆಟ್ಟಿಲಿಳಿದು ಬಂದು ಅಪ್ಪನ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಬಳಿಕ ಊಟಕ್ಕೆ ಕೂತಾಗ ಇಡೀ ಮನೆಯವರು ಒಬ್ಬರನ್ನೊಬ್ಬರು ಕೂಗಿ ಕೂಗಿ ಮಾತಾಡಿಸಿದರು, ಹೋಳಿಗೆ ಬಡಿಸುವವರೂ ಕೂಗಿದರು. ಅಂಗಳದಲ್ಲಿದ್ದ ನನಗೂ ಎಲ್ಲ ಕೇಳಿಸಿತು. ಸಂಜೆ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ತಟ್ಟಿಸಿಕೊಳ್ಳುತ್ತ ತಟ್ಟಿಸಿಕೊಳ್ಳುತ್ತ, ಬೆಟಗೇರಿ ತಲುಪಿದೆವು.

ಇದಾಗಿ ಬಹಳ ವರ್ಷವಾಯಿತು. ಆಮೇಲೆ ಅಂಗಡಿಗೆ ಬಂದ ದರ್ಜಿಗಳು ಸ್ಕ್ರೂಡ್ರೈವರ್ ಕಚ್ಚಿ ಯಂತ್ರಕ್ಕೆ ಮುತ್ತಿಡುವ ಮಾನಪ್ಪನನ್ನು ಕಂಡು ಮೊದಮೊದಲು ನಕ್ಕರು. ಟಕ್ ಟಕ್ ಹೋದ ಮೇಲೆ ನಗು ನಿಲ್ಲಿಸಿದರು. ಕಿವಿಗೆ ಹಾಕುವ ಯಂತ್ರವೂ ಬಂತು. ಅದನ್ನು ಅವನು ಮೊದಲ ವಾರವೇ ಬಿಚ್ಚಿ ಚಾದರದ ಮೇಲೆ ಹರಡಿದ್ದ. ನನಗೂ ವಯಸ್ಸಾಯಿತು. ತಳ ತುಕ್ಕು ಹಿಡಿಯಿತು, ಓಡಿಸುವ ಕಾಗದದ ಅವಧಿ ಮುಗಿಯಿತು. ನನ್ನ ಇಂಜಿನ್ನನ್ನು ಯಾರೋ ನೀರೆತ್ತುವ ಕೆಲಸಕ್ಕೆಂದು ಒಯ್ದರು. ಗುಜರಿಯವನು ಎರಡು ಸಲ ಬಂದು ಹೋದ. ಮಾನಪ್ಪ ಕೇಳಿಸದವನ ಹಾಗೆ ಕೂತ. ಈಗ ಬೇವಿನ ಕೆಳಗೆ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ಬಾನೆಟ್ ಮೇಲೆ ಕಸ್ತೂರಿ ಹಪ್ಪಳ ಒಣಗಿಸುತ್ತಾಳೆ. ರಜೆಗೆ ಬರುವ ಮೊಮ್ಮಗಳು ಎಡಗಡೆ ಕೂತು ಎರಡನೇ ಬ್ರೇಕು ಒತ್ತಿ "ನಿಂತಿತು!" ಎನ್ನುತ್ತಾಳೆ.

ರವಿವಾರ ಬೆಳಿಗ್ಗೆ ಮಾನಪ್ಪ ಬರುತ್ತಾನೆ. ಗಾಜು ಒರೆಸಿ, ಬಾಗಿಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಒಳಗೆ ಕೂತು, ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕುತ್ತಾನೆ. ಕಸ್ತೂರಿ ಪಕ್ಕದಲ್ಲಿ ಬಂದು ಕೂರುತ್ತಾಳೆ. ಸ್ವಲ್ಪ ಹೊತ್ತಾದ ಮೇಲೆ ಅವನ ಮೊಣಕಾಲು ತಟ್ಟಿ, ಮುಖ ಅವನ ಕಡೆ ತಿರುಗಿಸಿ ಕೇಳುತ್ತಾಳೆ:

"ಕೇಳ್ತೈತೇನು?"

ಅವನು ಕಣ್ಣು ಮುಚ್ಚಿ ತಲೆ ವಾಲಿಸುತ್ತಾನೆ. "ಹ್ಞೂಂ," ಎನ್ನುತ್ತಾನೆ. "ಚಾಲೂ ಐತಿ."

ಆ ಕುಂಯ್ ನನ್ನ ಸದ್ದಲ್ಲ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ನನಗಂತೂ ಇಂಜಿನ್ನೇ ಇಲ್ಲ. ಆದರೂ ಆ ಮಾತು ಕಿವಿಗೆ ಬಿದ್ದಾಗ ಪ್ರತಿ ಸಲವೂ ನನಗೆ ಗೊಂದಲವಾಗುತ್ತದೆ, ನಾವು ಮೂವರೂ ಎಲ್ಲಿಗೋ ಹೊರಟಿದ್ದೇವೆ ಎನಿಸುತ್ತದೆ.